ಸ್ಕೇಲಬಿಲಿಟಿ: ಎಲ್ಲರ ಕಿರ್ದಿಯಲ್ಲೂ ಎಲ್ಲರ ಲೆಕ್ಕ

ತೊಗರಿ ಸುಗ್ಗಿಯಲ್ಲಿ ಕಲಬುರಗಿ ಗಂಜಿನ ಯಾವುದಾದರೂ ಅಡತಿ ಅಂಗಡಿಯ ಮುಂದೆ ನಿಂತು ನೋಡಿ. ಹಮಾಲರು ಚೀಲವನ್ನು ತೂಕಕ್ಕೆ ಇಡುತ್ತಾರೆ. ಗುಮಾಸ್ತ ರೈತನ ಹೆಸರು, ತೂಕ, ದರ ಕಿರ್ದಿಗೆ ಏರಿಸುತ್ತಾನೆ. ಆವಕ ಹೆಚ್ಚಿದರೆ ಇನ್ನೊಬ್ಬ ಗುಮಾಸ್ತ ಬಂದು ಕೂರುತ್ತಾನೆ, ಕೆಲಸ ಹಂಚಿಹೋಗುತ್ತದೆ. ಹೊರೆ ಬೆಳೆದಂತೆ ವ್ಯವಸ್ಥೆಯೂ ಬೆಳೆಯಬಲ್ಲ ಈ ಗುಣವೇ ಸ್ಕೇಲಬಿಲಿಟಿ. ಕನ್ನಡದಲ್ಲಿ ‘ಹಿಗ್ಗುವ ಗುಣ’ ಎಂದರೆ ನನಗೆ ಒಪ್ಪಿಗೆ.

ಇಂಟರ್ನೆಟ್ ಸೇವೆಗಳು ಬೆಳೆದದ್ದು ಹೀಗೆಯೇ: ಜನ ಹೆಚ್ಚಿದರು, ಸರ್ವರ್ ಹೆಚ್ಚಿಸಿದರು. ಬಿಟ್‌ಕಾಯಿನ್‌ನಂಥ ಬ್ಲಾಕ್‌ಚೈನ್‌ಗೆ, ಅಂದರೆ ಎಲ್ಲರೂ ಸೇರಿ ಇಡುವ ಡಿಜಿಟಲ್ ಕಿರ್ದಿಗೆ, ಈ ದಾರಿ ಇಲ್ಲ. ಅಲ್ಲಿ ಗಂಜಿನ ಪ್ರತಿ ಗುಮಾಸ್ತನೂ ಎಲ್ಲ ಅಂಗಡಿಗಳ ಎಲ್ಲ ವಹಿವಾಟನ್ನೂ ತಾಳೆ ನೋಡಿ ತನ್ನ ಕಿರ್ದಿಯಲ್ಲಿ ಬರೆಯಬೇಕು. ನೂರು ಗುಮಾಸ್ತರು ಸೇರಿದರೆ ಒಂದೇ ಸಾಲನ್ನು ನೂರು ಸಲ ಬರೆದಂತಾಯಿತು, ಒಂದು ಚೀಲವೂ ಬೇಗ ಸಾಗಲಿಲ್ಲ. ಯಾರೊಬ್ಬರೂ ಲೆಕ್ಕ ತಿದ್ದಲಾರರು ಎಂಬ ಭರವಸೆಗೆ ತೆರುವ ಬೆಲೆ ಇದು. ಆ ಭರವಸೆ ಸಣ್ಣದೇನೂ ಅಲ್ಲ.

ಬೆಲೆ ಎಷ್ಟು? ಬಿಟ್‌ಕಾಯಿನ್‌ನಲ್ಲಿ ಸುಮಾರು ಹತ್ತು ನಿಮಿಷಕ್ಕೊಂದು ಬ್ಲಾಕ್ (ಕಿರ್ದಿಯ ಒಂದು ಪುಟ ಎನ್ನಿ), ಸೆಕೆಂಡಿಗೆ ಏಳರ ಆಸುಪಾಸು ವಹಿವಾಟು. ನಮ್ಮ ಯುಪಿಐ 2023ರ ಆಗಸ್ಟ್ ಒಂದೇ ತಿಂಗಳಲ್ಲಿ ಸಾವಿರ ಕೋಟಿ ವಹಿವಾಟು ದಾಟಿತು. ಸೆಕೆಂಡಿಗೆ ಸರಾಸರಿ 3,700ಕ್ಕೂ ಹೆಚ್ಚು. 2017ರ ಡಿಸೆಂಬರ್‌ನಲ್ಲಿ ಕ್ರಿಪ್ಟೋಕಿಟ್ಟೀಸ್ ಎಂಬ ಬೆಕ್ಕು ಸಾಕುವ ಆಟವೊಂದೇ ಇಥೀರಿಯಂ ಎಂಬ ಇನ್ನೊಂದು ಬ್ಲಾಕ್‌ಚೈನ್ ಜಾಲವನ್ನು ಏದುಸಿರು ಬಿಡಿಸಿತ್ತು.

ಬ್ಲಾಕ್ ದೊಡ್ಡದು ಮಾಡಿದರಾಗದೇ? ಆಗುತ್ತದೆ. ಆದರೆ ಅಷ್ಟು ದಪ್ಪ ಕಿರ್ದಿ ಇಡುವುದು ದೊಡ್ಡ ಅಂಗಡಿಗಳಿಗೆ ಮಾತ್ರ ಸಾಧ್ಯವಾಗಿ ಸಣ್ಣವರು ಹೊರಬೀಳುತ್ತಾರೆ. ಇದೇ ಜಗಳದಲ್ಲಿ 2017ರಲ್ಲಿ ಬಿಟ್‌ಕಾಯಿನ್ ಒಡೆದು, ದೊಡ್ಡ ಬ್ಲಾಕ್‌ನ ಬಿಟ್‌ಕಾಯಿನ್ ಕ್ಯಾಶ್ ಬೇರೆಯಾಯಿತು.

ನನಗೆ ನಂಬಿಕೆ ಇರುವುದು ಇನ್ನೊಂದು ದಾರಿಯಲ್ಲಿ. ನೂರಾರು ವಹಿವಾಟುಗಳನ್ನು ಹೊರಗೇ ನಡೆಸಿ, ಅವುಗಳ ಗೋಷ್ವಾರೆಯನ್ನು ಮಾತ್ರ ಮೂಲ ಕಿರ್ದಿಗೆ ಏರಿಸುವುದು. ಇದಕ್ಕೆ ರೋಲಪ್ ಎಂದು ಹೆಸರು. ಇಥೀರಿಯಂ 2024ರ ಮಾರ್ಚ್‌ನಲ್ಲಿ ರೋಲಪ್‌ಗಳ ದತ್ತಾಂಶಕ್ಕೆಂದೇ ಅಗ್ಗದ ಜಾಗ ಮಾಡಿಕೊಟ್ಟಿತು. ಅಲ್ಲಿಟ್ಟದ್ದನ್ನು ಸುಮಾರು 18 ದಿನ ಕಾದಿಟ್ಟು ಅಳಿಸಬಹುದು. ಶುಲ್ಕ ತೀರಾ ಇಳಿಯಿತು. ಪಾವತಿ, ರಸೀದಿಗಳ ಮಟ್ಟಿಗೆ ಜನಸಾಮಾನ್ಯರ ಹೊರೆಯನ್ನು ಈ ದಾರಿ ಹೊರಬಲ್ಲದು ಎಂದೇ ನನ್ನ ಎಣಿಕೆ. ವಿಡಿಯೊ, ಫೋಟೊ, ಹರಟೆಯನ್ನೆಲ್ಲ ಬ್ಲಾಕ್‌ಚೈನ್‌ಗೆ ಏರಿಸುವುದು ಮಾತ್ರ ಆಗುವ ಕೆಲಸವಲ್ಲ, ಬೇಕಾಗಿಯೂ ಇಲ್ಲ.

ಒಂದು ತೊಡಕು ಉಳಿದಿದೆ. ಹೆಚ್ಚಿನ ರೋಲಪ್‌ಗಳಲ್ಲಿ ವಹಿವಾಟಿನ ಸರದಿ ನಿರ್ಧರಿಸುವುದು ಈಗಲೂ ಒಂದೇ ಸಂಸ್ಥೆಯ ಸರ್ವರ್. ಆ ಗುಮಾಸ್ತ ಮೂಲ ಕಿರ್ದಿಯನ್ನು ತಿದ್ದಲಾರ. ನಿಮ್ಮ ಚೀಲವನ್ನು ಸಂಜೆಯವರೆಗೆ ಕಾಯಿಸಬಲ್ಲ.