ಹಾರಿಸುವಾಗಿನ ರೋಮಾಂಚನ ವಿಡಿಯೊದಲ್ಲಿ ಏಕೆ ಉಳಿಯುವುದಿಲ್ಲ?

ಪ್ರಶ್ನೆ: ಹವ್ಯಾಸಕ್ಕೆಂದು ಡ್ರೋನ್ ಹಾರಿಸುತ್ತೇನೆ. ತೆಗೆದ ದೃಶ್ಯಗಳನ್ನು ಬಿಡಿಬಿಡಿಯಾಗಿ ನೋಡಿದರೆ ಸೊಗಸಾಗಿವೆ. ಎಲ್ಲವನ್ನೂ ಜೋಡಿಸಿ, ಹಾಡೊಂದನ್ನು ಹಾಕಿ ವಿಡಿಯೊ ಮಾಡಿದರೆ ಮಾತ್ರ ಎರಡನೆಯ ನಿಮಿಷಕ್ಕೆ ಮನೆಯವರೇ ಎದ್ದು ಹೋಗುತ್ತಾರೆ. ನನ್ನ ಎಡಿಟಿಂಗ್ ಸಾಫ್ಟ್‌ವೇರ್ ಸಾಲದೇ? ಯಾವುದನ್ನು ಕೊಳ್ಳಬೇಕು?

ಉತ್ತರ: ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಾಗಲಿ, ಶಾಟ್‌ಕಟ್, ಕೆಡೆನ್‌ಲೈವ್‌ನಂಥ ಮುಕ್ತ ತಂತ್ರಾಂಶಗಳಾಗಲಿ ಹವ್ಯಾಸಿಗೆ ಬೇಕಾದ ಕೆಲಸವನ್ನೆಲ್ಲ ಮಾಡುತ್ತವೆ. ಕತ್ತರಿಸಬಹುದು, ವೇಗ ಬದಲಿಸಬಹುದು, ಬಣ್ಣ ತಿದ್ದಬಹುದು, ಧ್ವನಿ ಕೂಡಿಸಬಹುದು. ಮನೆಯವರು ಎದ್ದು ಹೋಗುವುದಕ್ಕೆ ಕಾರಣ ಬೇರೆಯೇ ಇದೆ.

ಆ ದೃಶ್ಯ ತೆಗೆಯುವಾಗ ಗಾಳಿ ತಳ್ಳುತ್ತಿತ್ತು, ಬ್ಯಾಟರಿ ಇಳಿಯುತ್ತಿತ್ತು, ಕೊಂಬೆ ಎಷ್ಟು ದೂರದಲ್ಲಿದೆ ಎಂದು ಸರಿಯಾಗಿ ಅಂದಾಜಾಗುತ್ತಿರಲಿಲ್ಲ. ಮತ್ತೆ ನೋಡಿದಾಗಲೆಲ್ಲ ಆ ಆತಂಕ ನಿಮಗೆ ಮರುಕಳಿಸುತ್ತದೆ. ಹಾಗಾಗಿ ಅರ್ಧ ನಿಮಿಷದ ತುಣುಕೂ ನಿಮಗೆ ಉದ್ದವೆನಿಸುವುದಿಲ್ಲ. ನೋಡುವವರಿಗೆ ಅದಾವುದೂ ಗೊತ್ತಿಲ್ಲ. ಪರದೆಯ ಮೇಲೆ ಏನಿದೆ ಎಂದು ತಿಳಿದ ಕ್ಷಣಕ್ಕೆ ಅವರ ಪಾಲಿಗೆ ಆ ಶಾಟ್ ಮುಗಿಯಿತು. ಎತ್ತರವೇ ವಿಸ್ಮಯವಾಗಿದ್ದ ಕಾಲ ಒಂದಿತ್ತು. 1860ರಲ್ಲಿ ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ಬಲೂನಿನಿಂದ ಬಾಸ್ಟನ್ ನಗರದ ಚಿತ್ರ ತೆಗೆದರು. ಇಂದಿಗೂ ಉಳಿದಿರುವ ವೈಮಾನಿಕ ಛಾಯಾಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಈಗ ಮೊಬೈಲ್‌ನ ನಕ್ಷೆಯಲ್ಲೇ ಯಾರು ಬೇಕಾದರೂ ತಮ್ಮ ಮನೆಯ ಮಾಡನ್ನು ಮೇಲಿನಿಂದ ನೋಡುತ್ತಾರೆ. ಎತ್ತರದಿಂದ ತೆಗೆದದ್ದು ಎಂಬ ಒಂದೇ ಕಾರಣಕ್ಕೆ ಯಾರೂ ಕೂರುವುದಿಲ್ಲ.

ಕೂರುವುದು ಬದಲಾವಣೆಗೆ. ಕಾಣದಿದ್ದದ್ದು ಕಾಣಿಸಬೇಕು, ಅಥವಾ ಒಂದು ಎಂದುಕೊಂಡದ್ದು ಇನ್ನೊಂದಾಗಬೇಕು. ಒಳ್ಳೆಯ ಡ್ರೋನ್ ಶಾಟ್‌ನಲ್ಲಿ ಸಾಮಾನ್ಯವಾಗಿ ಅಂಥ ಬದಲಾವಣೆ ಒಂದೇ ಒಂದು ಇರುತ್ತದೆ, ಅದೂ ಕೆಲವೇ ಸೆಕೆಂಡುಗಳದು. ಅದನ್ನು ಹುಡುಕಿ, ಸುತ್ತಲಿನದನ್ನು ಎಸೆಯುವುದೇ ಸಂಕಲನದ ಮುಕ್ಕಾಲು ಪಾಲು.

ಒಂದು ತುಣುಕನ್ನು ಹತ್ತಿರದಿಂದ ನೋಡೋಣ. ಒಟ್ಟು 40 ಸೆಕೆಂಡು. ಡ್ರೋನ್ ಮರಗಳ ಸಾಲಿನ ಹಿಂದಿನಿಂದ ಮೇಲೇರುತ್ತದೆ, ಆಚೆಗೆ ಕೆರೆ ಕಾಣಿಸುತ್ತದೆ. ಮೊದಲ 4 ಸೆಕೆಂಡು ಡ್ರೋನ್ ಕದಲುವುದೇ ಇಲ್ಲ. ಆರನೆಯ ಸೆಕೆಂಡಿನಲ್ಲಿ ಸ್ಟಿಕ್ ತುಸು ಜೋರಾಗಿ ತಳ್ಳಿದ್ದರಿಂದ ಒಂದು ಕುಲುಕು. 15ರವರೆಗೆ ಬರೀ ಎಲೆ. 16ರಲ್ಲಿ ಎಲೆಗಳ ನಡುವೆ ನೀರು ಮಿನುಗುತ್ತದೆ, 20ರ ಹೊತ್ತಿಗೆ ಅರ್ಧ ಕೆರೆ, 22ಕ್ಕೆ ಆಚೆ ದಡ. ಅಲ್ಲಿಂದ 40ರವರೆಗೆ ಅದೇ ನೀರು, ಅದೇ ದಡ, ಚೂರು ಮೇಲಿನಿಂದ. ಇದರಲ್ಲಿ ಇಟ್ಟುಕೊಳ್ಳಬೇಕಾದದ್ದು 14ರಿಂದ 23ರವರೆಗೆ. ಎಲೆಗಳನ್ನು ಒಂದೆರಡು ಸೆಕೆಂಡು ಉಳಿಸಿಕೊಳ್ಳುವುದು ಏಕೆಂದರೆ, ಮರೆಯಿದ್ದರೆ ತಾನೇ ತೆರೆದದ್ದು ತಿಳಿಯುವುದು. ಇನ್ನು ಕೊನೆ. ಕಣ್ಣು ಆಚೆ ದಡವನ್ನು ಮುಟ್ಟಿದೆ, ಡ್ರೋನ್ ಇನ್ನೂ ಏರುತ್ತಲೇ ಇದೆ, ಅಲ್ಲೇ ಕತ್ತರಿಸಿ. ಚಲನೆ ನಿಂತ ಮೇಲೆ ಕತ್ತರಿಸಿದರೆ ಪ್ರತಿ ಶಾಟ್‌ಗೂ ಪೂರ್ಣವಿರಾಮ ಹಾಕಿದಂತಾಗುತ್ತದೆ, ಇಡೀ ವಿಡಿಯೊ ಎಡವುತ್ತಾ ನಡೆಯುತ್ತದೆ.

ಇದರ ಬೆನ್ನಿಗೆ ಏನು ಬರಬೇಕು? ಹೆಚ್ಚಿನವರು ಅದೇ ಕೆರೆಯ ಇನ್ನೊಂದು ಏರುವ ಶಾಟ್ ಇಡುತ್ತಾರೆ, ಇಲ್ಲವೇ ಸುತ್ತು ಹಾಕುವ ಶಾಟ್. ನಾನಾದರೆ ಕ್ಯಾಮೆರಾ ಅಲುಗದ ಶಾಟ್ ಒಂದನ್ನು ಇಡುತ್ತೇನೆ: ನೇರ ಮೇಲಿನಿಂದ ನೀರು, ಅದರ ಮೂಲಕ ಸಾಗುವ ಒಂದು ದೋಣಿ. ಹಿಂದಿನ ಶಾಟ್‌ನಲ್ಲಿ ಕ್ಯಾಮೆರಾ ಚಲಿಸಿತ್ತು, ಇಲ್ಲಿ ಲೋಕ ಚಲಿಸುತ್ತದೆ. ದೋಣಿ ಬಂದ ಕೂಡಲೇ ಕೆರೆ ಎಷ್ಟು ದೊಡ್ಡದು ಎಂಬುದಕ್ಕೂ ಅಳತೆ ಸಿಗುತ್ತದೆ. ಆಕಾಶದಿಂದ ತೆಗೆದ ದೃಶ್ಯದಲ್ಲಿ ಮನುಷ್ಯನೋ ವಾಹನವೋ ದನವೋ ಇಲ್ಲದಿದ್ದರೆ ಕಾಣುತ್ತಿರುವುದು ಬಂಡೆಯೋ ಬೆಟ್ಟವೋ ಹೇಳುವುದೇ ಕಷ್ಟ.

ದಿಕ್ಕಿನ ವಿಷಯವೂ ಇಷ್ಟೇ ಮುಖ್ಯ. ಮುಂದಕ್ಕೆ ಹಾರುವ ಶಾಟ್‌ಗೆ ಹಿಂದಕ್ಕೆ ಸರಿಯುವ ಶಾಟ್ ತಾಗಿಸಿದರೆ ನೋಡುವವರಿಗೆ ಒಳಗೇ ಒಂದು ಜಗ್ಗು. ಎಡಕ್ಕೆ ಸುತ್ತಿದ್ದಕ್ಕೆ ಬಲಕ್ಕೆ ಸುತ್ತುವುದನ್ನು ಅಂಟಿಸಿದರೂ ಹಾಗೆಯೇ. ಒಂದೇ ದಿಕ್ಕಿನವನ್ನು ಒಟ್ಟಿಗಿಡಿ. ದಿಕ್ಕು ತಿರುಗಿಸಲೇಬೇಕೆಂದಿದ್ದರೆ ನಡುವೆ ಸ್ಥಿರವಾದ ಒಂದು ಶಾಟ್ ಹಾಕಿ. ಎತ್ತರಗಳನ್ನೂ ಬೆರೆಸಿ. ನೆಲದಿಂದ ಮೂರು ಮೀಟರ್ ಮೇಲೆ ಹಾರಿದರೆ ಹುಲ್ಲು, ಬೇಲಿ, ಕಲ್ಲು ಎಲ್ಲ ಕ್ಯಾಮೆರಾದ ಪಕ್ಕದಲ್ಲೇ ಧಾವಿಸುತ್ತವೆ, ವೇಗ ಮೈಗೆ ತಟ್ಟುತ್ತದೆ. ಅದೇ ವೇಗದಲ್ಲಿ ನೂರು ಮೀಟರ್ ಮೇಲೆ ಹಾರಿದರೆ ತೆವಳಿದಂತೆ ಕಾಣುತ್ತದೆ, ಏಕೆಂದರೆ ಹತ್ತಿರದಲ್ಲಿ ಹಾದುಹೋಗುವಂಥದ್ದು ಏನೂ ಇಲ್ಲ. ಹವ್ಯಾಸಿಗಳ ವಿಡಿಯೊಗಳಲ್ಲಿ ಬೇಸರ ತರಿಸುವುದು ಬಹುಪಾಲು ಇಂಥ ನೂರು ಮೀಟರ್ ಶಾಟ್‌ಗಳ ಸಾಲು.

ತೆವಳುವ ಶಾಟ್‌ಗೆ ವೇಗ ಕೊಡಬಹುದು. ಎರಡು ಪಟ್ಟು, ನಾಲ್ಕು ಪಟ್ಟು ಮಾಡಿದರೂ ಎಷ್ಟೋ ಸಲ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಚೌಕಟ್ಟಿನೊಳಗೆ ಅಲೆ, ಹೊಗೆ, ಹಕ್ಕಿ, ನಡೆಯುವ ಜನ ಇದ್ದರೆ ಗುಟ್ಟು ರಟ್ಟಾಗುತ್ತದೆ. ನಿಧಾನಗೊಳಿಸುವ ಆಸೆಯಿದ್ದರೆ ಹಾರಿಸುವ ಮೊದಲೇ ನಿರ್ಧರಿಸಬೇಕು. ಸೆಕೆಂಡಿಗೆ 60 ಫ್ರೇಮ್‌ನಲ್ಲಿ ತೆಗೆದದ್ದನ್ನು 30 ಫ್ರೇಮ್‌ನ ಟೈಮ್‌ಲೈನ್‌ನಲ್ಲಿ ಅರ್ಧ ವೇಗಕ್ಕೆ ಇಳಿಸಿದರೆ ಪ್ರತಿ ಫ್ರೇಮೂ ನಿಜವಾದದ್ದೇ. 30ರಲ್ಲೇ ತೆಗೆದದ್ದನ್ನು ಇಳಿಸಿದರೆ ಸಾಫ್ಟ್‌ವೇರ್ ಒಂದೇ ಫ್ರೇಮನ್ನು ಎರಡು ಸಲ ತೋರಿಸಬೇಕು ಅಥವಾ ನಡುವಿನ ಫ್ರೇಮನ್ನು ತಾನೇ ಊಹಿಸಿ ಬರೆಯಬೇಕು. ಊಹಿಸಿದಲ್ಲಿ ಎಲೆಗಳೂ ನೀರೂ ಕಲಸಿಹೋಗುತ್ತವೆ.

ಇಲ್ಲಿ ಶಟರ್ ವೇಗದ, ಅಂದರೆ ಪ್ರತಿ ಫ್ರೇಮಿಗೂ ಕ್ಯಾಮೆರಾ ಎಷ್ಟು ಹೊತ್ತು ಬೆಳಕನ್ನು ಒಳಬಿಡುತ್ತದೆ ಎಂಬುದರ ಮಾತು ಬರುತ್ತದೆ. ಫ್ರೇಮ್ ದರದ ಎರಡರಷ್ಟು ಎಂಬ ರೂಢಿಯ ಪ್ರಕಾರ 25 ಫ್ರೇಮ್‌ಗೆ ಸೆಕೆಂಡಿನ ಐವತ್ತನೆಯ ಒಂದು ಭಾಗ ಇರಬೇಕು. ಬಿಸಿಲಿನಲ್ಲಿ ಆಟೊಗೆ ಬಿಟ್ಟರೆ ಅದು ಸಾವಿರದ ಒಂದು ಭಾಗಕ್ಕೂ ಹೋಗುತ್ತದೆ, ಪ್ರತಿ ಫ್ರೇಮೂ ಕಡೆದಿಟ್ಟಂತಾಗಿ ಚಲನೆ ತಡೆತಡೆದು ಸಾಗುತ್ತದೆ. ಅದಕ್ಕೇ ಎನ್‌ಡಿ ಫಿಲ್ಟರ್, ಅಂದರೆ ಬೆಳಕು ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಮಬ್ಬು ಗಾಜು. ಎನ್‌ಡಿ 16 ಎಂದರೆ ಬೆಳಕಿನ ಹದಿನಾರನೆಯ ಒಂದು ಭಾಗವನ್ನಷ್ಟೇ ಒಳಬಿಡುತ್ತದೆ, ಅಂದರೆ ನಾಲ್ಕು ಸ್ಟಾಪ್ ಕಡಿಮೆ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ). ಈ ನಿಯಮವನ್ನು ವೇದವಾಕ್ಯ ಮಾಡಿಕೊಂಡವರು ಬಹಳ ಜನ. ನೆಲದ ಹತ್ತಿರ ಹಾರುವಾಗ ಅದರ ವ್ಯತ್ಯಾಸ ಎದ್ದು ಕಾಣುತ್ತದೆ ನಿಜ. ಎತ್ತರದ ವಿಶಾಲ ನೋಟದಲ್ಲಿ ಫಿಲ್ಟರ್ ಮರೆತರೂ ಆಕಾಶವೇನೂ ಕಳಚಿ ಬೀಳುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಸೆಳೆದ ಮಾತು "ಹಾಡೊಂದನ್ನು ಹಾಕಿ" ಎಂಬುದು. ಹವ್ಯಾಸಿ ಡ್ರೋನ್‌ಗಳಲ್ಲಿ ಹೆಚ್ಚಿನವು ಧ್ವನಿಯನ್ನೇ ದಾಖಲಿಸುವುದಿಲ್ಲ. ದಾಖಲಿಸಿದ್ದರೂ ರೆಕ್ಕೆಗಳ ಗುಂಯ್ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಆ ಮೌನವನ್ನು ಮುಚ್ಚಲು ಎಲ್ಲರೂ ಹಾಡು ಸುರಿಯುತ್ತಾರೆ, ಹಾಡು ಸುರಿದ ಕೂಡಲೇ ವಿಡಿಯೊ ಹಾಡಿನ ಹಿಂದಿನ ಪರದೆಯಾಗಿಬಿಡುತ್ತದೆ. ಬದಲಿಗೆ, ಡ್ರೋನ್ ಏರಿಸುವ ಮೊದಲು ಮೊಬೈಲ್‌ನಲ್ಲಿ ಅಲ್ಲಿಯ ಸದ್ದನ್ನು ಒಂದೆರಡು ನಿಮಿಷ ದಾಖಲಿಸಿಕೊಳ್ಳಿ: ಎಲೆ ಅಲುಗುವುದು, ನೀರು ದಡಕ್ಕೆ ಬಡಿಯುವುದು, ದೂರದ ಮಾತು. ಮೇಲಿನ ಕೆರೆಯ ಶಾಟ್‌ಗೇ ಬನ್ನಿ. ಎಲೆಗಳ ಮುಂದೆ ಇರುವಾಗ ಎಲೆಗಳ ಸರಸರ ಹತ್ತಿರದಲ್ಲಿ ಕೇಳಲಿ. ಏರುತ್ತಾ ಹೋದಂತೆ ಅದು ತಗ್ಗಿ ಗಾಳಿ ಉಳಿಯಲಿ. ದೋಣಿಯ ಶಾಟ್ ಬರುವ ಅರ್ಧ ಸೆಕೆಂಡು ಮೊದಲೇ ಹುಟ್ಟು ನೀರಿಗೆ ಬೀಳುವ ಸದ್ದು ಬರಲಿ. ಧ್ವನಿ ಚಿತ್ರಕ್ಕಿಂತ ಮುಂಚೆ ಬಂದಾಗ ಕಟ್ ಆದದ್ದೇ ತಿಳಿಯುವುದಿಲ್ಲ. ಈ ಹುಟ್ಟಿನ ಸದ್ದು ಆ ದೋಣಿಯದ್ದೇ ಆಗಿರಬೇಕೆಂದಿಲ್ಲ, ಅದನ್ನು ಯಾರೂ ಕೇಳುವುದೂ ಇಲ್ಲ.

ಸಂಗೀತ ಬೇಕೇ ಬೇಕೆಂದರೆ ಇದರ ಕೆಳಗೆ ಮೆಲ್ಲಗೆ ಇರಲಿ. ಪ್ರತಿ ತಾಳದ ಪೆಟ್ಟಿಗೂ ಕತ್ತರಿಸಲು ಹೋಗಬೇಡಿ; ಆರನೆಯ ಕಟ್‌ನ ಹೊತ್ತಿಗೆ ಏಳನೆಯದು ಯಾವಾಗ ಬರುತ್ತದೆಂದು ನೋಡುವವರೇ ಹೇಳಿಬಿಡುತ್ತಾರೆ. ಹಕ್ಕಿನ ವಿಷಯದಲ್ಲೂ ಎಚ್ಚರ. ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆ ಹಾಡನ್ನು ಗುರುತಿಸಿದರೆ ವಿಡಿಯೊದ ಆದಾಯ ಹಕ್ಕುದಾರರಿಗೆ ಹೋಗಬಹುದು, ಇಲ್ಲವೇ ವಿಡಿಯೊವೇ ತಡೆಯಾಗಬಹುದು. ವಿವರಣೆಯಲ್ಲಿ ಗಾಯಕರ ಹೆಸರು ಬರೆದು ಕೃತಜ್ಞತೆ ಹೇಳಿದ ಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ. ಯೂಟ್ಯೂಬ್‌ನದ್ದೇ ಆಡಿಯೊ ಲೈಬ್ರರಿ ಇದೆ. ಷರತ್ತಿನ ಮೇಲೆ ಉಚಿತ ಬಳಕೆಗೆ ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಸಂಗೀತವೂ ಸಿಗುತ್ತದೆ, ಆದರೆ 'ಎನ್‌ಡಿ' (ನೋ ಡೆರಿವೇಟಿವ್ಸ್) ಎಂದು ಗುರುತು ಮಾಡಿದ್ದನ್ನು ಮುಟ್ಟಬೇಡಿ: ಸಂಗೀತವನ್ನು ಚಿತ್ರಕ್ಕೆ ಹೊಂದಿಸುವುದನ್ನೇ ಆ ಪರವಾನಗಿ ರೂಪಾಂತರವೆಂದು ಎಣಿಸುತ್ತದೆ, ರೂಪಾಂತರಕ್ಕೆ ಅಲ್ಲಿ ಅವಕಾಶವಿಲ್ಲ. ಫಿಲ್ಟರ್‌ನ ಎನ್‌ಡಿಗೂ ಇದಕ್ಕೂ ಸಂಬಂಧವಿಲ್ಲ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಜನ ಅದರ ಮೇಲೆ ಅಗತ್ಯಕ್ಕಿಂತ ಹೆಚ್ಚು ಸಮಯ ಕಳೆಯುತ್ತಾರೆ. ಅಕ್ಕಪಕ್ಕದ ಎರಡು ಶಾಟ್‌ಗಳ ಬೆಳಕು ಹೊಂದಿದರೆ ಅರ್ಧ ಕೆಲಸ ಆದಂತೆ. ಹಾರಿಸುವಾಗ ವೈಟ್ ಬ್ಯಾಲೆನ್ಸನ್ನು (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ಸೆಟ್ಟಿಂಗ್) ಒಂದೇ ಕಡೆ ನಿಲ್ಲಿಸಿಡಿ. ಆಟೊದಲ್ಲಿ ಬಿಟ್ಟರೆ ಡ್ರೋನ್ ಸೂರ್ಯನಿಂದ ಆಚೆ ತಿರುಗುವಾಗ ಶಾಟ್‌ನ ನಡುವೆಯೇ ಬಣ್ಣ ಜಾರುತ್ತದೆ, ಆಮೇಲೆ ತಿದ್ದುವುದು ತಲೆನೋವು. ಲಾಗ್ ಪ್ರೊಫೈಲ್‌ನಲ್ಲಿ (ಆಮೇಲೆ ಬಣ್ಣ ತಿದ್ದಲೆಂದು ಪೇಲವವಾಗಿ ದಾಖಲಿಸುವ ವಿಧಾನ) ತೆಗೆಯುವುದಾದರೆ 10 ಬಿಟ್ ಇರುವ ಡ್ರೋನ್‌ನಲ್ಲಿ ಮಾತ್ರ ತೆಗೆಯಿರಿ. 8 ಬಿಟ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತ, 10 ಬಿಟ್‌ನಲ್ಲಿ 1024. ಹಂತ ಕಡಿಮೆಯಿದ್ದಲ್ಲಿ ಎಳೆದಾಡಿದರೆ ಆಕಾಶ ಪಟ್ಟೆಪಟ್ಟೆಯಾಗುತ್ತದೆ. ದಿಗಂತ ಒಂದು ಡಿಗ್ರಿ ಓರೆಯಾಗಿದ್ದರೂ ಅದನ್ನು ತಿದ್ದದೆ ಮುಂದಕ್ಕೆ ಹೋಗಬೇಡಿ. 4ಕೆಯಲ್ಲಿ ತೆಗೆದು, ಅದರ ಅರ್ಧ ಅಗಲ, ಅರ್ಧ ಎತ್ತರದ 1080ರ ಟೈಮ್‌ಲೈನ್‌ನಲ್ಲಿ ಕೂಡಿಸಿದರೆ ಎರಡು ಪಟ್ಟು ಹಿಗ್ಗಿಸುವವರೆಗೂ ಸ್ಪಷ್ಟತೆ ಕೆಡುವುದಿಲ್ಲ. ಓರೆ ತಿದ್ದುವುದಕ್ಕೂ, ಜೋರಾಗಿ ಹಾರುವಾಗ ಮೇಲಂಚಿನಲ್ಲಿ ಇಣುಕುವ ರೆಕ್ಕೆಯನ್ನು ಕತ್ತರಿಸುವುದಕ್ಕೂ ಅಷ್ಟು ಜಾಗ ಧಾರಾಳವಾಯಿತು.

ಕಂಪ್ಯೂಟರ್ ಮುಗ್ಗರಿಸುತ್ತಿದ್ದರೆ ಅದಕ್ಕೂ ಹೊಸದನ್ನು ಕೊಳ್ಳುವ ಮುನ್ನ ಒಂದು ಮಾತು. ಡ್ರೋನ್ ಕಡತಗಳು ಹೆಚ್ಚಾಗಿ ಎಚ್.265 ಎಂಬ ಸಂಕುಚನ ವಿಧಾನದಲ್ಲಿರುತ್ತವೆ. ಅದರಲ್ಲಿ ಬಹುತೇಕ ಫ್ರೇಮ್‌ಗಳು ಅಕ್ಕಪಕ್ಕದವುಗಳಿಗಿಂತ ಏನು ಬದಲಾಯಿತು ಎಂಬುದನ್ನಷ್ಟೇ ಬರೆದಿಟ್ಟಿರುತ್ತವೆ, ಆದ್ದರಿಂದ ನಡುವಿನ ಒಂದು ಫ್ರೇಮ್ ತೋರಿಸಲು ಯಂತ್ರ ಹಲವನ್ನು ಬಿಡಿಸಬೇಕು. ಪ್ರಾಕ್ಸಿ, ಅಂದರೆ ಹಗುರವಾದ ನಕಲುಗಳನ್ನು ಸಾಫ್ಟ್‌ವೇರ್‌ನಲ್ಲಿಯೇ ಮಾಡಿಕೊಂಡು ಅವುಗಳ ಮೇಲೆ ಕತ್ತರಿಸಿ. ಕೊನೆಗೆ ವಿಡಿಯೊ ಹೊರತೆಗೆಯುವಾಗ ಮೂಲ ಕಡತಗಳು ಬರುವಂತೆ ನೋಡಿಕೊಂಡರೆ ಸಾಕು. ಡ್ರೋನ್ ಆ್ಯಪ್ ಮೊಬೈಲ್‌ನಲ್ಲಿ ಉಳಿಸಿಟ್ಟುಕೊಳ್ಳುವ ವಿಡಿಯೊವನ್ನೇ ಮೂಲವೆಂದು ಬಗೆದು ಅದರಲ್ಲೇ ಎಡಿಟ್ ಮಾಡುವವರಿದ್ದಾರೆ. ಅದು ಹಾರಾಟದ ವೇಳೆ ಪರದೆಗೆ ಬಂದ ಕಡಿಮೆ ಗುಣಮಟ್ಟದ ಪ್ರತಿ. ಅಸಲಿ ಇರುವುದು ಡ್ರೋನ್‌ನೊಳಗಿನ ಮೆಮೊರಿ ಕಾರ್ಡಿನಲ್ಲಿ.

ಮುಂದಿನ ಸಲ ಹಾರಿಸುವಾಗ ಎಡಿಟಿಂಗ್ ತಲೆಯಲ್ಲಿರಲಿ. ಚಲನೆ ಶುರುವಾಗುವ 5 ಸೆಕೆಂಡು ಮೊದಲೇ ರೆಕಾರ್ಡಿಂಗ್ ಒತ್ತಿ, ಮುಗಿದ 5 ಸೆಕೆಂಡು ಬಿಟ್ಟು ನಿಲ್ಲಿಸಿ. ಒಂದು ಶಾಟ್‌ಗೆ ಒಂದೇ ಚಲನೆ ಸಾಕು. ಏರುತ್ತಾ ತಿರುಗುತ್ತಾ ಕ್ಯಾಮೆರಾವನ್ನೂ ಬಾಗಿಸಿದರೆ ಕತ್ತರಿಸಲು ಜಾಗವೇ ಸಿಗುವುದಿಲ್ಲ. ಕೆಳಗಿಳಿದ ಮೇಲೆ ಮೊಬೈಲ್‌ನಲ್ಲಿ ನಾಲ್ಕಾರು ನೆಲದ ಶಾಟ್ ತೆಗೆಯಿರಿ: ಹಗ್ಗ ಬಿಚ್ಚುವ ಕೈ, ಒದ್ದೆ ಕಾಲು, ಜೊತೆಗಿದ್ದವರ ಮುಖ. ಎರಡು ಆಕಾಶದ ಶಾಟ್‌ಗಳ ನಡುವೆ ಇಂಥದ್ದೊಂದು ಸೇರಿದರೆ ಮತ್ತೆ ಮೇಲೇರಿದಾಗ ಆ ಎತ್ತರ ಹೊಸದಾಗಿ ಕಾಣುತ್ತದೆ. ನಿಮ್ಮ ಮನೆಯವರಂತೂ ತಮ್ಮ ಮುಖ ಬರುವವರೆಗಾದರೂ ಏಳುವುದಿಲ್ಲ.

ಉದ್ದ ಎಷ್ಟಿರಬೇಕು ಎಂದು ಮುಂದೆ ಕೇಳುತ್ತೀರಿ. ಒಂದು ಸ್ಥಳ, ಒಂದು ಹೊತ್ತು ಎಂದಾದರೆ ಒಂದೂವರೆ ನಿಮಿಷ ಮೀರಿಸಬೇಡಿ. ಅದಕ್ಕಿಂತ ಉದ್ದ ಬೇಕಾದರೆ ಹೇಳಲು ಏನಾದರೂ ಇರಬೇಕು, ಮತ್ತು ಅದನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು.

ಹೊರತೆಗೆಯುವಾಗ 4ಕೆ, 30 ಫ್ರೇಮ್‌ಗೆ ಯೂಟ್ಯೂಬ್ ಸೂಚಿಸುವ ಬಿಟ್‌ರೇಟ್ ಸೆಕೆಂಡಿಗೆ 35ರಿಂದ 45 ಮೆಗಾಬಿಟ್, 1080ಕ್ಕೆ 8. ಹುಲ್ಲುಗಾವಲು, ಅಲೆ, ಕಾಡು ಇವೆಲ್ಲ ಸಂಕುಚನಕ್ಕೆ ಶತ್ರುಗಳು, ಪ್ರತಿ ಫ್ರೇಮ್‌ನಲ್ಲೂ ಸಣ್ಣ ಸಣ್ಣ ವಿವರ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಬಿಟ್‌ರೇಟಿನಲ್ಲಿ ಜಿಪುಣತನ ಬೇಡ, ಶಾರ್ಪ್‌ನೆಸ್ ಏರಿಸುವುದಂತೂ ಬೇಡವೇ ಬೇಡ. ಅಪ್‌ಲೋಡ್ ಮುಗಿದ ಕೂಡಲೇ ತೆರೆದು ನೋಡಿ ಮಸುಕಾಗಿದೆ ಎಂದು ಅಳಿಸಿಹಾಕಬೇಡಿ. ಮೊದಲು ಸಿದ್ಧವಾಗುವುದು ಕಡಿಮೆ ಗಾತ್ರದ ಪ್ರತಿ, 4ಕೆ ಪ್ರತಿ ತಯಾರಾಗಲು ಮತ್ತಷ್ಟು ಹೊತ್ತು ಬೇಕು. ಅದು ಬಂದ ಮೇಲೆ ಕೊಂಡಿಯನ್ನು ಹಂಚಿಕೊಳ್ಳಿ.