ಕಮಾನು ಬೇಕಾ? ಮೊದಲು ಒತ್ತಕ್ಷರ ಎಣಿಸಿ

ಹೋದ ವರ್ಷ ನಮ್ಮ ಬೀದಿಯ ಹುಡುಗರು ಅಣ್ಣಮ್ಮ ದೇವಿ ಉತ್ಸವಕ್ಕೆ 20 ಟೀಶರ್ಟ್ ಬೇಕು ಅಂತ ಬಂದರು. 'ಅಕ್ಕಾ, ಎದೆ ಮೇಲೆ ದೇವಿ ಹೆಸರು ಬಿಲ್ಲಿನ ಥರ ಬಗ್ಗಿರಬೇಕು, ಫುಲ್ ಅರ್ಧ ರೌಂಡು' ಅಂದರು. ಸರಿ ಅಂದೆ. ವಿನೈಲ್ ಅನ್ನುವ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಅಕ್ಷರ ಕತ್ತರಿಸುವ ಮೆಷಿನ್ ನನ್ನದು. ಇಂಗ್ಲಿಷ್ ಹೆಸರುಗಳನ್ನು ಎಷ್ಟೋ ಸಲ ಹಾಗೆ ಬಗ್ಗಿಸಿ ಕತ್ತರಿಸಿದ್ದೆ, ಇದರಲ್ಲಿ ಏನು ಮಹಾ ಅನಿಸಿತ್ತು. ಮೊದಲ ಶೀಟ್ ಕತ್ತರಿಸಿ, ಬೇಡದ ವಿನೈಲ್ ಕೀಳಲು ಚಿಮಟ ಹಿಡಿದು ಕೂತಾಗ ನೋಡಿದರೆ, ಣ್ಣ ಅಕ್ಷರದ ಒತ್ತೂ ಮ್ಮ ಅಕ್ಷರದ ಒತ್ತೂ ಒಂದರೊಳಗೊಂದು ಹೊಕ್ಕು ಕೆಳಗೆ ಒಂದು ಗಂಟು. ಏನು ಬರೆದಿದೆ ಅಂತ ನನಗೇ ಓದಲು ಬರಲಿಲ್ಲ.

ತಪ್ಪು ಮೆಷಿನ್‌ದಲ್ಲ, ಬ್ಲೇಡಿನದೂ ಅಲ್ಲ. ಅಕ್ಷರಗಳನ್ನು ಕಮಾನಿನ ಮೇಲೆ ಕೂರಿಸಿದಾಗ ತಲೆಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ, ಬುಡಗಳು ಹತ್ತಿರ ಬರುತ್ತವೆ. ಇಂಗ್ಲಿಷಿನಲ್ಲಿ ಗೆರೆಯಿಂದ ಕೆಳಗೆ ಇಳಿಯುವ ಅಕ್ಷರ ನಾಲ್ಕೈದು ಇರಬಹುದು, ದೊಡ್ಡಕ್ಷರದಲ್ಲಿ ಬರೆದರೆ ಅದೂ ಇಲ್ಲ. ನಮ್ಮಲ್ಲಿ ಹಾಗಲ್ಲ. ಅರ್ಧ ಸಂಸಾರ ಕೆಳಗೇ ಇದೆ. ಜಾಗ ಎಲ್ಲಿ ಕಡಿಮೆ ಆಗುತ್ತದೋ ಸರಿಯಾಗಿ ಅಲ್ಲೇ ನಮ್ಮ ಒತ್ತಕ್ಷರಗಳು ಬಂದು ಕೂರುತ್ತವೆ.

ಎಷ್ಟು ಕಡಿಮೆ ಆಗುತ್ತದೆ ಅನ್ನುವುದನ್ನು ಬಾಯಿಲೆಕ್ಕದಲ್ಲೇ ಹೇಳಬಹುದು. ಒತ್ತು ಎಷ್ಟು ಕೆಳಗೆ ಇಳಿದಿದೆಯೋ ಅದನ್ನು ಕಮಾನಿನ ತ್ರಿಜ್ಯದಿಂದ ಭಾಗಿಸಿ. ಹುಡುಗರು ಕೇಳಿದ ಸಾಲು 25 ಸೆಂ.ಮೀ. ಉದ್ದ. ಅದನ್ನು ಅರ್ಧ ವೃತ್ತ ಮಾಡಿದರೆ ತ್ರಿಜ್ಯ ಸುಮಾರು 8 ಸೆಂ.ಮೀ. ಬರುತ್ತದೆ. ಒತ್ತು 2 ಸೆಂ.ಮೀ. ಇಳಿದಿತ್ತು. ಅಂದರೆ ಒತ್ತಿನ ತುದಿಯಲ್ಲಿ ಕಾಲು ಭಾಗ ಜಾಗ ಹೋಯಿತು. ತ್ರಿಜ್ಯವನ್ನು 20ಕ್ಕೆ ಏರಿಸಿದೆ, ನಷ್ಟ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಆಗ ಆ ಸಾಲು ವೃತ್ತದ ಐದರಲ್ಲಿ ಒಂದು ಭಾಗವನ್ನಷ್ಟೇ ಹಿಡಿಯುತ್ತದೆ, ಅರ್ಧ ರೌಂಡಲ್ಲ, ಮೆಲ್ಲಗೆ ಬಾಗಿದ ಬಿಲ್ಲು. ಹುಡುಗರು ಸ್ವಲ್ಪ ಮುಖ ಸಣ್ಣ ಮಾಡಿದರು. ಆದರೆ ಓದಲು ಬರುತ್ತಿತ್ತಲ್ಲ! ಅಂದಿನಿಂದ ನನ್ನ ಅಂದಾಜು ಇಷ್ಟೇ: ಒತ್ತಿನ ಇಳಿತದ ಏಳು ಎಂಟು ಪಟ್ಟಾದರೂ ತ್ರಿಜ್ಯ ಇರಲಿ. ಎರಡು ಒತ್ತಕ್ಷರ ಅಕ್ಕಪಕ್ಕ ಇದ್ದರೆ ಇನ್ನೂ ಜಾಸ್ತಿ ಇರಲಿ.

ಅರ್ಧ ವೃತ್ತವೇ ಬೇಕು ಅಂತ ಹಟ ಹಿಡಿದವರಿಗೆ ನಾನು ತೊಟ್ಟಿಲು ತೋರಿಸುತ್ತೇನೆ. ಅಂದರೆ ಸಾಲನ್ನು ಕೆಳಮುಖವಾಗಿ, ತಟ್ಟೆಯ ಕೆಳ ಅಂಚಿನ ಹಾಗೆ ಬಾಗಿಸುವುದು. ಅಲ್ಲಿ ಒತ್ತುಗಳಿಗೆ ಧಾರಾಳ ಜಾಗ. ತಲೆಕಟ್ಟು, ಗುಡಿಸು ಇರುವ ಮೇಲ್ಭಾಗ ಇಕ್ಕಟ್ಟಾಗುತ್ತದೆ ನಿಜ, ಆದರೆ ಅಕ್ಷರಗಳ ನಡುವಿನ ಅಂತರ ಸ್ವಲ್ಪ ಹೆಚ್ಚಿಸಿದರೆ ಸರಿಹೋಗುತ್ತದೆ. ತಲೆಕಟ್ಟು ತಾಗಿದರೂ ಪದ ಓದಬಹುದು, ಒತ್ತು ತಾಗಿದರೆ ಪದವೇ ಕೆಟ್ಟಿತು. 'ಅಕ್ಕಮ್ಮ' ತೊಟ್ಟಿಲಿಗೆ ಚೆಂದ, 'ಗಿರಿನಗರ' ಕಮಾನಿಗೆ ಚೆಂದ.

ಇನ್ನು ಸಾಫ್ಟ್‌ವೇರ್. ಣ್ಣ ನಮಗೆ ಒಂದು ಅಕ್ಷರ, ಕಂಪ್ಯೂಟರಿಗೆ ಅದು ಮೂರು ಸಂಕೇತ: ಒಂದು ಣ, ಅರ್ಧಾಕ್ಷರದ ಚಿಹ್ನೆ, ಇನ್ನೊಂದು ಣ. ಕರ್ವ್ ಬಟನ್ ಒತ್ತಿದ ಕೂಡಲೇ ಒಂದೊಂದು ಸಂಕೇತವನ್ನೂ ಬೇರೆ ಮಾಡಿ ತಿರುಗಿಸುವ ಪ್ರೋಗ್ರಾಂ ಆದರೆ ಒತ್ತು ಮೇಲೆದ್ದು ಪಕ್ಕದಲ್ಲಿ ಕೂರುತ್ತದೆ. ಯೂನಿಕೋಡ್ (ಈಗ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತಗಳ ಪದ್ಧತಿ) ಅಲ್ಲದ ಹಳೆಯ ಫಾಂಟುಗಳ ಕಥೆ ಬೇರೆ. ಅಲ್ಲಿ ಒತ್ತು ಮೊದಲಿನಿಂದಲೇ ಬೇರೆ ತುಂಡು, ನೇರ ಸಾಲಿನಲ್ಲಿ ಲಕ್ಷಣವಾಗಿ ಕಾಣುತ್ತದೆ, ಬಾಗಿಸಿದರೆ ಕಳಚಿಕೊಳ್ಳುತ್ತದೆ. ಸುಲ್ತಾನ್‌ಪೇಟೆ ಕಡೆಯಿಂದ ಮದುವೆ ಕಾರ್ಡಿನ ಫೈಲ್ ತಂದುಕೊಡುವವರಿಗೆ ನಾನು ಮೊದಲು ಕೇಳುವ ಪ್ರಶ್ನೆಯೇ ಯಾವ ಫಾಂಟು ಅಂತ.

ಅದಕ್ಕೇ ಮೆಷಿನ್ ಜೊತೆ ಬರುವ ಪ್ರೋಗ್ರಾಮಿನಲ್ಲಿ ನಾನು ಕನ್ನಡ ಬಾಗಿಸುವುದಿಲ್ಲ. ಪುಕ್ಕಟೆ ಸಿಗುವ, ಚಿತ್ರ ಬಿಡಿಸುವ ಪ್ರೋಗ್ರಾಂ ಇಂಕ್‌ಸ್ಕೇಪ್‌ನಲ್ಲಿ ಬಾಲೂ ತಮ್ಮ 2 ಅಥವಾ ನೋಟೋ ಸ್ಯಾನ್ಸ್ ಕನ್ನಡ ಫಾಂಟಿನ ದಪ್ಪ ಅಕ್ಷರದಲ್ಲಿ ನೇರವಾಗಿ ಬರೆಯುತ್ತೇನೆ, ಕಾಗುಣಿತ ಎರಡು ಸಲ ನೋಡುತ್ತೇನೆ, ಆಮೇಲೆ 'ಆಬ್ಜೆಕ್ಟ್ ಟು ಪಾತ್' ಕೊಟ್ಟು ಅಕ್ಷರವನ್ನು ಚಿತ್ರವಾಗಿಸುತ್ತೇನೆ. ಇಷ್ಟಾದ ಮೇಲೆ ಒತ್ತು ಎಲ್ಲಿಗೂ ಓಡುವುದಿಲ್ಲ. ಬಾಗಿಸುವುದಕ್ಕೆ ಪಾತ್ ಎಫೆಕ್ಟ್‌ಗಳಲ್ಲಿ 'ಬೆಂಡ್' ಇದೆ. ಇದು ಅಕ್ಷರಗಳನ್ನು ಒಂದೊಂದಾಗಿ ತಿರುಗಿಸುವುದಿಲ್ಲ, ಇಡೀ ಸಾಲನ್ನು ರಬ್ಬರಿನ ಪಟ್ಟಿಯ ಹಾಗೆ ಬಗ್ಗಿಸುತ್ತದೆ, ಹಾಗಾಗಿ ಒತ್ತುಗಳು ಒಂದರ ಮೇಲೊಂದು ಏರುವುದಿಲ್ಲ. ಬದಲಿಗೆ ಹಿಂಡಿದ ಹಾಗೆ ಸಣ್ಣಗಾಗುತ್ತವೆ. ಗೆರೆ 1 ಮಿ.ಮೀ.ಗಿಂತ ತೆಳ್ಳಗಾದರೆ ಕೀಳುವಾಗ ಹರಿದು ಬರುತ್ತದೆ, ನನಗಂತೂ ಬಂದಿದೆ. ಅಕ್ಷರ ಸೊಟ್ಟಗಾಗಬಾರದು ಅನ್ನುವವರು ಒಂದೊಂದು ಅಕ್ಷರವನ್ನೂ ಅದರ ಒತ್ತಿನ ಜೊತೆ ಗ್ರೂಪ್ ಮಾಡಿ ಕೈಯಲ್ಲೇ ತಿರುಗಿಸಿ ಕೂರಿಸಬಹುದು. ಎಂಟು ಅಕ್ಷರಕ್ಕೆ ಹತ್ತು ನಿಮಿಷ ಸಾಕು.

ಎಲ್ಲ ಕೂತ ಮೇಲೆ ಯೂನಿಯನ್, ಅಂದರೆ ತುಂಡುಗಳನ್ನೆಲ್ಲ ಬೆಸೆದು ಒಂದೇ ಆಕಾರ ಮಾಡುವುದು. ಮೊದಲೇ ಮಾಡಬೇಡಿ, ಆಮೇಲೆ ಒಂದು ಅಕ್ಷರ ಸರಿಸಬೇಕೆಂದರೂ ಆಗುವುದಿಲ್ಲ. ಯೂನಿಯನ್ ಮರೆತರೆ ಒತ್ತು ಅಕ್ಷರಕ್ಕೆ ತಾಗಿದ ಕಡೆಯೆಲ್ಲ ಬ್ಲೇಡ್ ಅಡ್ಡಗೆರೆ ಎಳೆದು ತುಂಡು ಮಾಡುತ್ತದೆ. ಎಸ್‌ವಿಜಿ (ಗೆರೆಗಳನ್ನು ಗೆರೆಗಳಾಗಿಯೇ ಇಡುವ ಫೈಲ್ ಬಗೆ) ಆಗಿ ಉಳಿಸಿ, ಮೆಷಿನ್ ಪ್ರೋಗ್ರಾಮಿಗೆ ತಂದ ಮೇಲೆ ಅಳತೆ ಇನ್ನೊಮ್ಮೆ ನೋಡಿ. ಹಾಳೆ ಅಂಟಿಸಿ ಮೆಷಿನ್ನಿಗೆ ಕೊಡುವ ಮ್ಯಾಟ್ 12 ಇಂಚಿನದು, ಅಂಚು ಬಿಟ್ಟರೆ ಇನ್ನೂ ಕಡಿಮೆ. ಟೀಶರ್ಟ್ ಆದರೆ ಮಿರರ್ ಮಾಡುವುದನ್ನು, ಅಂದರೆ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸುವುದನ್ನು ಮರೆಯಬೇಡಿ (ಮರೆತವರ ಪಟ್ಟಿಯಲ್ಲಿ ನನ್ನ ಹೆಸರೇ ಮೊದಲು).

ಲೋಟಕ್ಕೆ ಸ್ಟಿಕರ್ ಅಂಟಿಸುವವರಿಗೆ ಒಂದು ಮಾತು. ಮೇಲೆ ಅಗಲ, ಕೆಳಗೆ ಸಣ್ಣ ಇರುವ ಲೋಟಕ್ಕೆ ನೇರ ಸಾಲು ಅಂಟಿಸಿದರೆ ಎರಡೂ ತುದಿ ಮೇಲಕ್ಕೆ ಏರಿ ಹೆಸರು ಜೋತುಬಿದ್ದ ಹಾಗೆ ಕಾಣುತ್ತದೆ. ನೇರವಾಗಿ ಕಾಣಬೇಕೆಂದರೆ ಕಮಾನು ಕೊಡಲೇಬೇಕು. ಲೋಟದ ಪಕ್ಕೆಯ ಉದ್ದವನ್ನು ಬಾಯಿಯ ವ್ಯಾಸದಿಂದ ಗುಣಿಸಿ, ಬಾಯಿಗೂ ಬುಡಕ್ಕೂ ಇರುವ ವ್ಯಾಸದ ವ್ಯತ್ಯಾಸದಿಂದ ಭಾಗಿಸಿ. ಪಕ್ಕೆ 10, ಬಾಯಿ 8, ಬುಡ 6 ಸೆಂ.ಮೀ. ಆದರೆ ಬಾಯಂಚಿನ ತ್ರಿಜ್ಯ 40. ಹೆಸರು ನಡುವೆ, ಅಂಚಿನಿಂದ 5 ಸೆಂ.ಮೀ. ಕೆಳಗೆ ಬರಬೇಕಾದರೆ 35. ಇಷ್ಟು ದೊಡ್ಡ ಕಮಾನಿನಲ್ಲಿ 'ಅಣ್ಣಮ್ಮ' ಕೂಡ ಆರಾಮಾಗಿ ಕೂರುತ್ತಾಳೆ.