ಸಿಗ್ನಲ್‌ನಲ್ಲಿ ನಿಂತರೆ ಕಾರಿನ ಎಸಿ ತಣ್ಣಗಿರಲ್ಲ. ಗ್ಯಾಸ್ ಹಾಕಿಸಬೇಕಾ?

ಪ್ರಶ್ನೆ: ನಾವು ಮುಂಬೈ ಪಕ್ಕದ ಠಾಣೆ ಊರಿನಲ್ಲಿದ್ದೇವೆ. ಕಾರಿಗೆ ಏಳು ವರ್ಷ. ಘೋಡ್‌ಬಂದರ್ ರೋಡಿನ ಟ್ರಾಫಿಕ್‌ನಲ್ಲಿ ನಿಂತರೆ ಎಸಿಯಿಂದ ಬರೀ ಗಾಳಿ ಬರುತ್ತದೆ, ತಂಪಿಲ್ಲ. ಊರಿಗೆ ಅಂತ ಕುಂದಾಪುರದ ಕಡೆ ಹೊರಟರೆ ಹೈವೇಯಲ್ಲಿ ಅದೇ ಎಸಿ ಚೆನ್ನಾಗಿರುತ್ತದೆ. ಗ್ಯಾರೇಜಿನವರು ಪ್ರತಿ ಬೇಸಿಗೆಗೂ ‘ಗ್ಯಾಸ್ ಕಮ್ ಹೋ ಗಯಾ’ ಅಂತ ತುಂಬಿ ಕಳಿಸುತ್ತಾರೆ. ಈ ಸಲವೂ ತುಂಬಿಸಲಾ?

ಉತ್ತರ: ಸದ್ಯಕ್ಕೆ ಬೇಡ. ಮೊದಲು ಬಾನೆಟ್ ಎತ್ತಿ ಫ್ಯಾನ್ ನೋಡಿ.

ನಿಂತಾಗ ಬಿಸಿ, ಓಡುವಾಗ ತಂಪು ಅನ್ನುವುದೇ ಒಂದು ದೊಡ್ಡ ಸುಳಿವು. ಕಾರಿನೊಳಗಿನ ಬಿಸಿಯನ್ನು ಹೊತ್ತು ಬಂದ ಗ್ಯಾಸ್ ಅದನ್ನು ಹೊರಗೆ ಬಿಡುವುದು ಕಂಡೆನ್ಸರ್‌ನಲ್ಲಿ. ಅದು ರೇಡಿಯೇಟರ್‌ಗಿಂತಲೂ ಮುಂದೆ, ಗ್ರಿಲ್‌ನ ಹಿಂದೆಯೇ ಇರುತ್ತದೆ. ಹೈವೇಯಲ್ಲಿ ಎದುರುಗಾಳಿ ಬಡಿದು ಅದನ್ನು ತಣ್ಣಗಿಡುತ್ತದೆ. ಜಾಮ್‌ನಲ್ಲಿ ನಿಂತಾಗ ಆ ಕೆಲಸ ಪೂರ್ತಿ ಫ್ಯಾನಿನದು. ಫ್ಯಾನ್ ನಿಂತಿದ್ದರೆ, ನಿಧಾನ ತಿರುಗುತ್ತಿದ್ದರೆ, ಅಥವಾ ಕಂಡೆನ್ಸರ್‌ನ ಸಣ್ಣ ಸಣ್ಣ ರೆಕ್ಕೆಗಳಲ್ಲಿ ಧೂಳು ಕೂತಿದ್ದರೆ ಬಿಸಿ ಹೊರಗೆ ಹೋಗುವುದೇ ಇಲ್ಲ. ನಿಮ್ಮ ರಸ್ತೆಯಲ್ಲಿ ಧೂಳಿಗೆ ಬರವಿಲ್ಲವಲ್ಲ.

ಇದನ್ನು ನೀವೇ ನೋಡಬಹುದು. ಸಂಜೆ ಬಿಲ್ಡಿಂಗಿನ ಪಾರ್ಕಿಂಗ್‌ನಲ್ಲಿ ಎಂಜಿನ್ ಶುರು ಮಾಡಿ, ಎಸಿ ಪೂರ್ತಿ ಇಟ್ಟು ಬಾನೆಟ್ ತೆಗೆಯಿರಿ. ‘ಟಕ್’ ಅಂತ ಸದ್ದು ಬಂದರೆ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್‌ನ ಮ್ಯಾಗ್ನೆಟ್ ಕ್ಲಚ್ ಕೂತಿದೆ, ಅಂದರೆ ಕಂಪ್ರೆಸರ್ ಓಡತೊಡಗಿದೆ ಅಂತ. ಆಮೇಲೆ ಎರಡು ಮೂರು ನಿಮಿಷ ಕಾಯಿರಿ, ಕೆಲವು ಕಾರುಗಳಲ್ಲಿ ಫ್ಯಾನ್ ತಕ್ಷಣ ಶುರುವಾಗುವುದಿಲ್ಲ. ಕೈ ಮಾತ್ರ ಹತ್ತಿರ ಒಯ್ಯಬೇಡಿ. ಫ್ಯಾನ್ ತಿರುಗಲೇ ಇಲ್ಲವಾದರೆ ಫ್ಯೂಸ್, ರಿಲೇ, ಮೋಟಾರ್, ವಯರ್ ಹೆಚ್ಚಾಗಿ ಈ ನಾಲ್ಕರಲ್ಲಿ ಒಂದು. ವಯರನ್ನು ಮರೆಯಬೇಡಿ. ಮುಂಬೈ ಇಲಿಗಳಿಗೆ ಬಾನೆಟ್ ಒಳಗಿನ ವಯರ್ ಅಂದರೆ ಬಹಳ ಇಷ್ಟ, ಮಳೆಗಾಲದಲ್ಲಂತೂ ಕೇಳಲೇಬೇಡಿ.

ಫ್ಯಾನ್ ತಿರುಗುತ್ತಿದ್ದರೂ ಅನುಮಾನ ಇದೆಯಾ? ಹಳೇ ಮೆಕ್ಯಾನಿಕ್‌ಗಳು ಮಾಡುವ ಒಂದು ಪರೀಕ್ಷೆ ಇದೆ. ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ನೆ ಓಡುತ್ತಿರುವಾಗ (ಐಡಲ್), ಒಳಗೆ ಬಿಸಿ ಗಾಳಿ ಬರುತ್ತಿರುವಾಗ, ಗ್ರಿಲ್‌ನ ಮುಂದಿನಿಂದ ಕಂಡೆನ್ಸರ್ ಮೇಲೆ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸುತ್ತಾ ಹೋಗಿ. ಇನ್ನೊಬ್ಬರು ಒಳಗೆ ಕೂತು ಗಾಳಿಗೆ ಕೈ ಹಿಡಿದಿರಲಿ. ಒಂದೆರಡು ನಿಮಿಷದಲ್ಲಿ ತಂಪು ಬಂತು ಅಂದರೆ ತೊಂದರೆ ಹೆಚ್ಚಾಗಿ ಫ್ಯಾನ್ ಅಥವಾ ಕಂಡೆನ್ಸರ್ ಕಡೆಯದು. ಕಂಡೆನ್ಸರನ್ನು ಜೋರು ಪ್ರೆಷರ್ ವಾಶ್‌ನಿಂದ ತೊಳೆಸಬೇಡಿ, ರೆಕ್ಕೆಗಳು ಮಡಚಿಕೊಂಡು ಇದ್ದ ಗಾಳಿದಾರಿಯೂ ಮುಚ್ಚುತ್ತದೆ. ಸಾದಾ ಪೈಪಿನ ನೀರು ಸಾಕು.

ಈಗ ಪ್ರತಿ ವರ್ಷದ ಗ್ಯಾಸ್ ವಿಷಯ. ನನಗೆ ಸಿಟ್ಟು ಬರುವುದು ಇಲ್ಲೇ. ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಲ್ಲ. ಮುಚ್ಚಿದ ಪೈಪುಗಳಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ನಮ್ಮ ಹೆಚ್ಚಿನ ಕಾರುಗಳಲ್ಲಿರುವುದು ಆರ್-134ಎ ಅನ್ನುವ ಗ್ಯಾಸ್. ಹೊರಗಿನ ಒತ್ತಡದಲ್ಲಿ ಅದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಕಡಿಮೆ ಒತ್ತಡದಲ್ಲಿ ಕುದಿಯುವಾಗ ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ, ಅಷ್ಟೇ. ರಬ್ಬರ್ ಹೋಸ್‌ಗಳ ಮೂಲಕ ವರ್ಷಗಟ್ಟಲೆ ಸ್ವಲ್ಪವೇ ಸ್ವಲ್ಪ ಹೋಗುವುದು ಸಹಜ. ಆದರೆ ಪ್ರತಿ ವರ್ಷ ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ. ಇಲ್ಲದಿದ್ದರೆ ಕಡಿಮೆಯೇ ಆಗಿರಲಿಲ್ಲ, ಸುಮ್ನೆ ತುಂಬಿದ್ದಾರೆ. ಎರಡನೆಯದು ಇನ್ನೂ ಕೆಟ್ಟದ್ದು. ಗ್ಯಾಸ್ ಜಾಸ್ತಿಯಾದರೂ ಒತ್ತಡ ಏರುತ್ತದೆ, ನಿಂತಾಗ ತಂಪು ಕಡಿಮೆಯಾಗುತ್ತದೆ. ನೀವು ಹೇಳಿದ ಲಕ್ಷಣವೇ ಅಲ್ವಾ?

ಗ್ಯಾಸ್ ಕಡಿಮೆಯಾದಾಗಲೂ ಮೊದಲು ತೊಂದರೆ ಕಾಣುವುದು ಐಡಲ್‌ನಲ್ಲೇ, ಯಾಕೆಂದರೆ ಆಗ ಕಂಪ್ರೆಸರ್ ನಿಧಾನ ತಿರುಗುತ್ತದೆ. ಹಾಗಾಗಿ ಒತ್ತಡ ಅಳೆಯುವ ಎರಡು ಮುಳ್ಳಿನ ಗೇಜ್ ಹಾಕದೆ ಯಾರೂ ತೀರ್ಪು ಕೊಡುವಂತಿಲ್ಲ. ಆ ಗೇಜನ್ನೂ ಎಂಜಿನ್ ಆಫ್ ಇದ್ದಾಗ ತೋರಿಸಿದರೆ ನಂಬಬೇಡಿ. ಎಸಿ ನಿಂತು ಸ್ವಲ್ಪ ಹೊತ್ತಾದ ಮೇಲೆ ಎರಡೂ ಮುಳ್ಳುಗಳು ಒಂದೇ ಕಡೆ ಬಂದು ನಿಲ್ಲುತ್ತವೆ, 30 ಡಿಗ್ರಿಯಲ್ಲಿ ಸುಮಾರು 95ರಿಂದ 100 ಪಿಎಸ್‌ಐ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಸಾಕು, ತುಂಬಿದ್ದರೂ ಅರ್ಧ ಇದ್ದರೂ ಅದೇ ಅಂಕಿ ತೋರಿಸುತ್ತದೆ.

ಎಸಿ ಓಡುತ್ತಿರುವಾಗ ನೋಡಿಸಿ. ಬೇಸಿಗೆಯ ದಿನ ಲೋ ಸೈಡ್ (ಕಡಿಮೆ ಒತ್ತಡದ ಕಡೆ) 30ರಿಂದ 45 ಪಿಎಸ್‌ಐ, ಹೈ ಸೈಡ್ (ಹೆಚ್ಚು ಒತ್ತಡದ ಕಡೆ) 200ರಿಂದ 250ರ ಆಸುಪಾಸು ಇದ್ದರೆ ಬಹಳಷ್ಟು ಕಾರುಗಳಿಗೆ ಸರಿ. ಎರಡೂ ಕೆಳಗಿದ್ದರೆ ಗ್ಯಾಸ್ ಕಡಿಮೆ. ಎರಡೂ ಮೇಲಿದ್ದರೆ ಫ್ಯಾನ್, ಕಂಡೆನ್ಸರ್ ಅಥವಾ ಜಾಸ್ತಿ ಗ್ಯಾಸ್. ಲೋ ಮೇಲೆ, ಹೈ ಕೆಳಗೆ ಅಂದರೆ ಕಂಪ್ರೆಸರ್ ಸವೆದಿರಬಹುದು, ಅದು ದೊಡ್ಡ ಖರ್ಚು. ಲೋ ಮುಳ್ಳು ಸೊನ್ನೆಗಿಂತ ಕೆಳಗೆ ಇಳಿದರೆ ಕೂಲಿಂಗ್ ಕಾಯಿಲ್‌ಗೆ ಗ್ಯಾಸ್ ಬಿಡುವ ಎಕ್ಸ್‌ಪಾನ್ಷನ್ ವಾಲ್ವ್ ಕಡೆ ಕಟ್ಟಿಕೊಂಡಿದೆ.

ಸೋರಿಕೆ ಹುಡುಕುವುದಕ್ಕೆ ತಾಳ್ಮೆ ಬೇಕು. ಅದಕ್ಕೇ ತುಂಬಾ ಜನ ಹುಡುಕುವುದಿಲ್ಲ. ಗ್ಯಾಸ್ ಹೋಗುವಾಗ ಜೊತೆಗೆ ಕಂಪ್ರೆಸರ್ ಆಯಿಲನ್ನೂ ಒಯ್ಯುತ್ತದೆ. ಅದರ ಮೇಲೆ ಧೂಳು ಕೂತು ಜಾಯಿಂಟಿನ ಸುತ್ತ ಕಪ್ಪಗೆ, ಜಿಡ್ಡು ಜಿಡ್ಡಾಗಿ ಕಾಣುತ್ತದೆ. ಕಂಡೆನ್ಸರ್‌ನ ಕೆಳಗಿನ ಮೂಲೆ, ಹೋಸ್ ಒತ್ತಿ ಸೇರಿಸಿದ ಜಾಗ, ಓ-ರಿಂಗ್, ಕಂಪ್ರೆಸರ್‌ನ ಶಾಫ್ಟ್ ಸೀಲ್ ಎಲ್ಲವನ್ನೂ ಟಾರ್ಚ್ ಹಾಕಿ ನೋಡಿಸಿ. ಗ್ಯಾಸ್ ತುಂಬುವ ಬಾಯಿಯ ಪ್ಲಾಸ್ಟಿಕ್ ಮುಚ್ಚಳ ಇದೆಯಾ ನೋಡಿ. ಬಹಳ ಕಾರುಗಳಲ್ಲಿ ಅದು ಕಳೆದುಹೋಗಿ, ಒಳಗಿನ ಪುಟ್ಟ ವಾಲ್ವ್‌ನಿಂದಲೇ ಗ್ಯಾಸ್ ಹೋಗುತ್ತಿರುತ್ತದೆ. ಚಿಲ್ಲರೆ ಕಾಸಿನ ರಿಪೇರಿ ಅದು. ನಿಮ್ಮಂತೆ ಮುಂಬೈಯಲ್ಲಿದ್ದು ಕರಾವಳಿಗೆ ಓಡಾಡುವವರ ಕಾರಿನಲ್ಲಿ ಉಪ್ಪುಗಾಳಿಗೆ ಕಂಡೆನ್ಸರ್‌ನ ಅಲ್ಯೂಮಿನಿಯಂ ತಿಂದುಹೋಗುವುದೂ ಇದೆ. ಬರಿಗಣ್ಣಿಗೆ ಸಿಗದಿದ್ದರೆ ನೈಟ್ರೋಜನ್ ತುಂಬಿಸಿ ಸೋಪಿನ ನೀರು ಹಚ್ಚಬೇಕು, ಇಲ್ಲವೇ ಯುವಿ ದೀಪಕ್ಕೆ ಹೊಳೆಯುವ ಬಣ್ಣ (ಯುವಿ ಡೈ) ಹಾಕಿ ಕೆಲವು ದಿನ ಓಡಿಸಿ ನೋಡಬೇಕು.

ಅಂಗಡಿಯವರಿಗೆ ಹಿಂದಿಯಲ್ಲೇ ಖಡಾಖಂಡಿತ ಹೇಳಿ: ‘ಪಹಲೇ ಲೀಕೇಜ್ ಚೆಕ್ ಕರೋ, ಗ್ಯಾಸ್ ಬಾದ್ ಮೇ’ (ಮೊದಲು ಸೋರಿಕೆ ನೋಡಿ, ಗ್ಯಾಸ್ ಆಮೇಲೆ). ರಿಪೇರಿ ಆದ ಮೇಲೆ ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಹಾಕಿರಬೇಕು, ಅಂದರೆ ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಎಳೆದಿರಬೇಕು. ಪೈಪು ಬಿಚ್ಚಿದಾಗ ತೇವ ಒಳಗೆ ಹೋಗಿರುತ್ತದೆ, ಮುಂಬೈ ಗಾಳಿ ಗೊತ್ತಲ್ಲ. ಆ ತೇವ ಹೋಗಲೇಬೇಕು. ಸಿಸ್ಟಮ್ ಬಿಚ್ಚಿದ ಮೇಲೆ ತೇವ ಹೀರುವ ಡ್ರೈಯರನ್ನೂ ಬದಲಿಸಿ, ಅದರಲ್ಲಿ ಉಳಿತಾಯ ಬೇಡ. ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಹಳೇ ಬಿಡಿಭಾಗ ಸಿಗುತ್ತವೆ. ಫ್ಯಾನ್ ಮೋಟಾರ್ ಆದರೆ ಬ್ಯಾಟರಿಗೆ ಕೊಟ್ಟು ತಿರುಗಿಸಿ ನೋಡಿ ತರಬಹುದು. ಹಳೇ ಕಂಡೆನ್ಸರ್ ಮಾತ್ರ ಖಂಡಿತ ತರಬೇಡಿ.

ಸೋರುತ್ತಿರುವುದು ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಆಗಿದ್ದರೆ ಕೆಲಸ ದೊಡ್ಡದು. ಹಲವು ಕಾರುಗಳಲ್ಲಿ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಜೋಡಿಸುವಾಗ ಒಂದು ಕ್ಲಿಪ್ ತಪ್ಪಿದರೂ ಆಮೇಲೆ ಪ್ರತಿ ಹಳ್ಳಕ್ಕೂ ಕಿರ್ ಅನ್ನುತ್ತದೆ. ಇದಕ್ಕೆ ಮನೆ ಹತ್ತಿರದ ಅಂಗಡಿಗಿಂತ ನಿಮ್ಮದೇ ಮಾಡೆಲ್ ಬಿಚ್ಚಿ ಅಭ್ಯಾಸ ಇರುವವರು ಒಳ್ಳೆಯದು. ಅದಕ್ಕೂ ಮುಂಚೆ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ, ಸಾಮಾನ್ಯವಾಗಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಅದು ಕಟ್ಟಿಕೊಂಡರೆ ಗಾಳಿಯ ರಭಸವೇ ಕಡಿಮೆಯಾಗುತ್ತದೆ. ನಿಮಗೆ ಗಾಳಿ ಜೋರಾಗಿಯೇ ಬರುತ್ತಿದ್ದರೆ ಅದರ ತಪ್ಪಲ್ಲ.

ಕೊನೆಗೆ ಗ್ಯಾಸ್ ತುಂಬಿಸುವಾಗ ತೂಕ ಹಾಕಿ ತುಂಬಿಸಿ. ಎಷ್ಟು ಗ್ರಾಂ ಅನ್ನುವುದು ಸಾಮಾನ್ಯವಾಗಿ ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲೇ ಇರುತ್ತದೆ, ಚಿಕ್ಕ ಕಾರುಗಳಿಗೆ ಅರ್ಧ ಕಿಲೋ ಒಳಗೆ. ಹಳೇ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಲ್ಲಿ ಹಿಂದಕ್ಕೆ ಎಳೆದುಕೊಳ್ಳುವ ಅಂಗಡಿಯೇ ಬೇಕು. ಆರ್-134ಎ ವಾತಾವರಣ ಬಿಸಿ ಮಾಡುವುದರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ. ನಿಮಗೂ ಒಂದು ಲಾಭ ಇದೆ. ಎಳೆದ ಗ್ಯಾಸ್ ಎಷ್ಟು ಗ್ರಾಂ ಬಂತು ಅಂತ ಯಂತ್ರವೇ ತೋರಿಸುತ್ತದೆ. ಸ್ಟಿಕರ್‌ನಲ್ಲಿ ಇದ್ದಷ್ಟೇ ಬಂತು ಅಂದರೆ ಅದು ಕಡಿಮೆಯಾಗಿಯೇ ಇರಲಿಲ್ಲ. ಆಗ ಗ್ಯಾಸ್ ಮಾತು ಬಿಟ್ಟು ಫ್ಯಾನ್ ರಿಪೇರಿ ಮಾಡಿ ಅನ್ನಿ.